ಮಗು ಇರೋದು ಆ ಕಡೆ

"ಅದನ್ನೂ ಒಂದ್ಸಲ ತಿರುವಿ ನೋಡಮ್ಮ. ಮಗು ಇರೋದು ಆ ಕಡೆ."

ಮಕ್ಕಳ ಬಟ್ಟೆ ಅಂಗಡಿಯಲ್ಲಿ ನನ್ನ ತಂಗಿಗೆ ಅಷ್ಟು ಹೇಳಿ ಆಕೆ ತಮ್ಮ ಪಾಡಿಗೆ ತಾವು ಬಟ್ಟೆ ಆರಿಸತೊಡಗಿದರು. ಯಾರೋ ಏನೋ, ಹೆಸರು ಗೊತ್ತಿಲ್ಲ. ಮುಂದೆ ಹರವಿದ್ದ ಒಂದೊಂದು ಪುಟ್ಟ ಅಂಗಿಯನ್ನೂ ತಿರುವುವುದು, ಒಳಹೊಲಿಗೆಯ ಮೇಲೆ ಮಣಿಕಟ್ಟು ಉಜ್ಜುವುದು, ಕೆಲವನ್ನು ಎತ್ತಿಟ್ಟು ಉಳಿದವನ್ನು ಸರಿಸುವುದು. ಮೇಲಿನ ಚಿತ್ತಾರದ ಕಡೆ ಅವರು ಕಣ್ಣೂ ಹಾಯಿಸಲಿಲ್ಲ.

ಗರ್ಭಿಣಿ ತಂಗಿಗೆ ಎಂಟು ತಿಂಗಳು ತುಂಬಿದೆ. ಅವಳ ಕೈಯಲ್ಲಿದ್ದದ್ದು ನೆಟ್ ಫ್ರಾಕು, ಎದೆ ಮೇಲೆ ಕಸೂತಿ ಹೂವು. ತಿರುವಿದಳು. ಹೂವಿನ ಹಿಂಬದಿಗೆ ದಾರದ ಗಂಟುಗಳು, ಅದಕ್ಕೆ ಅಂಟಿಕೊಂಡ ಒರಟು ಕಾಗದದಂಥ ಪದರ, ಸೊಂಟದ ಸುತ್ತ ಚುಚ್ಚುವ ನೆಟ್ಟಿನ ಅಂಚು, ಕತ್ತಿನ ಹಿಂದೆ ಚೂಪು ಮೂಲೆಯ ಲೇಬಲ್ಲು. ಬೆನ್ನಿಗೆ ಜಿಪ್ಪು ಬೇರೆ. ದಿನದ ಬಹುಪಾಲು ಅಂಗಾತ ಮಲಗಿರುವ ಜೀವಕ್ಕೆ ಬೆನ್ನಿಗೆ ಜಿಪ್ಪು!

ಮಾರುವ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಬೆಳಗಿನಿಂದ ನಿಂತೇ ಇರುವ ಅವಳು ಹೇಳಿಕೊಟ್ಟದ್ದನ್ನು ಹೇಳುತ್ತಾಳೆ. ಇದನ್ನು ಹೊಲಿಸಿದವರ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ಹುಟ್ಟಿದ ಮಗುವಿನ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು. ಎಲ್ಲಿ ಚುಚ್ಚುತ್ತಿದೆ ಅಂತ ಹೇಳಲು ಅದಕ್ಕೆ ಅಳು ಒಂದೇ ದಾರಿ. ನಾವು ಆ ಅಳುವನ್ನು ಹಸಿವು ಅಂತೀವಿ, ಹೊಟ್ಟೆನೋವು ಅಂತೀವಿ. ಅಂಗಿ ಕಳಚಿ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಅದಾದ ಮೇಲೆ ನಾವಿಬ್ಬರೂ ಕೈಗೆ ಸಿಕ್ಕಿದ್ದನ್ನೆಲ್ಲ ತಿರುವತೊಡಗಿದೆವು. ಸಾಕ್ಸ್ ಒಳಗೆ ಬಿಚ್ಚಿಕೊಂಡ ದಾರಗಳು ನೇತಾಡುತ್ತಿದ್ದವು. ಅಂಥದ್ದೊಂದು ದಾರವೋ, ಅಮ್ಮನ ಉದುರಿದ ಕೂದಲೋ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಂತು ಬೆರಳು ಊದಿಕೊಳ್ಳುತ್ತದೆ. ಕಾರಣ ಗೊತ್ತಾಗದೆ ಮಗು ಒಂದೇ ಸಮನೆ ಅತ್ತರೆ ಮೊದಲು ಸಾಕ್ಸ್ ತೆಗೆದು ಬೆರಳುಗಳನ್ನು ನೋಡಬೇಕು. ಕರಡಿ ಕಿವಿಯ ಟೋಪಿಯಿದ್ದ ಒಂದು ಜಾಕೆಟ್ ಮುದ್ದಾಗಿತ್ತು, ಆದರೆ ಕುತ್ತಿಗೆಗೆ ಎಳೆದು ಕಟ್ಟುವ ದಾರವಿತ್ತು. ಎಲ್ಲಾದರೂ ಸಿಕ್ಕಿಕೊಂಡರೆ ಅದೇ ಉರುಳು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಕ್ಕಳ ಮೇಲುಡುಪಿನ ಕುತ್ತಿಗೆಗೆ ಇಂಥ ದಾರ ಬೇಡ ಅಂತ 1996ರಲ್ಲೇ ಹೇಳಿದೆ. ಹೊಲಿಯುವವರು ಇನ್ನೂ ಹೊಲಿಯುತ್ತಲೇ ಇದ್ದಾರೆ. ಅದನ್ನು ವಾಪಸ್ ಇಟ್ಟೆವು.

ತಂಗಿಯ ಗಂಡ ಅಷ್ಟರಲ್ಲಿ ಅತಿ ಚಿಕ್ಕ ಅಳತೆಯ ಅಂಗಿಗಳನ್ನೇ ಬುಟ್ಟಿ ತುಂಬ ಹಾಕಿಕೊಂಡು ಬಂದಿದ್ದ. ಒಳ್ಳೆಯವನು, ಪ್ರೀತಿಯನ್ನು ಖರ್ಚಿನಲ್ಲಿ ತೋರಿಸುವ ಪೈಕಿ. ಮೊದಲ ಕೆಲ ದಿನ ಮಗುವಿನ ತೂಕ ಒಂದಿಷ್ಟು ಇಳಿದರೂ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬಂದುಬಿಡುತ್ತದೆ, ಆಮೇಲೆ ದಿನಕ್ಕೆ ಸುಮಾರು 25–30 ಗ್ರಾಂ ಏರುತ್ತ ಹೋಗುತ್ತದೆ, ಐದು ತಿಂಗಳ ಹೊತ್ತಿಗೆ ಹೆಚ್ಚುಕಡಿಮೆ ಇಮ್ಮಡಿ ಅಂತ ಲೆಕ್ಕ ಹೇಳಿದೆ. ನಾಲ್ಕು ಕಿಲೋ ತೂಕದಲ್ಲಿ ಹುಟ್ಟುವ ಕೂಸಾದರೆ ಅದಕ್ಕೆ ಈ ಅಳತೆ ಒಂದು ದಿನವೂ ಹಿಡಿಸಲಿಕ್ಕಿಲ್ಲ. ಲೇಬಲ್ಲಿನ ತಿಂಗಳು ಕಂಪನಿಯಿಂದ ಕಂಪನಿಗೆ ಬೇರೆ. ಕಿಲೋ ಅಥವಾ ಸೆಂಟಿಮೀಟರ್ ನೋಡುವುದೇ ವಾಸಿ. 56, 62 ಅಂತಿದ್ದರೆ ಅದು ಮಗುವಿನ ಉದ್ದ. ಬುಟ್ಟಿಯ ಮುಕ್ಕಾಲು ಭಾಗ ವಾಪಸ್ ಹೋಯಿತು. ಅವನ ಮುಖ ಸಣ್ಣಗಾಯಿತು, ನನಗೂ ಪಾಪ ಅನಿಸಿತು.

ನಾವು ಇಟ್ಟುಕೊಂಡದ್ದು ಮೆತ್ತನೆ ಹತ್ತಿಯವು. ಪಕ್ಕಕ್ಕೆ ಕಟ್ಟುವ ಕೆಲವು ಅಂಗಿಗಳು, ಹೊಕ್ಕುಳ ಬಳ್ಳಿ ಒಣಗಿ ಬೀಳುವ ಒಂದರಿಂದ ಮೂರು ವಾರದವರೆಗೆ ಅಲ್ಲಿ ಏನೂ ಬಿಗಿಯಬಾರದು ಅಂತ. ಉಳಿದವು ಭುಜದ ಮೇಲೆ ಎರಡು ಪದರ ಒಂದರ ಮೇಲೊಂದು ಕೂರುವಂಥವು. ಡೈಪರ್ ಸೋರಿ ಗಲೀಜು ಬೆನ್ನಿನವರೆಗೂ ಏರಿದಾಗ ಅಂಗಿಯನ್ನು ತಲೆ ಮೇಲಿಂದ ಎಳೆಯದೆ ಭುಜದಿಂದ ಕೆಳಕ್ಕೆ ಜಾರಿಸಿ ತೆಗೆಯಬಹುದು. ಇದನ್ನು ಯೋಚಿಸಿದವರು ಮಗುವನ್ನು ನಿಜವಾಗಿ ಕೈಲಿ ಹಿಡಿದವರೇ ಇರಬೇಕು.

ಟೋಪಿ, ಕೈಗವಸುಗಳ ದೊಡ್ಡ ಸೆಟ್ ಬೇಡ ಅಂದದ್ದಕ್ಕೆ ಮನೆಯಲ್ಲಿ ಹಿರಿಯರ ಜೊತೆ ವಾದವೇ ಆಯಿತು. ಕೈ ತಣ್ಣಗಿದ್ದ ಮಾತ್ರಕ್ಕೆ ಚಳಿ ಅಂತಲ್ಲ, ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಬೇಕು. ಮನೆಯೊಳಗೆ ಟೋಪಿ ಹಾಕಿ ಮಲಗಿಸಿದರೆ ಮೈ ಕಾವು ಸರಿಯಾಗಿ ಹೊರಹೋಗುವುದಿಲ್ಲ. ಅತಿಯಾದ ಶಾಖಕ್ಕೂ ನಿದ್ದೆಯಲ್ಲೇ ಆಗುವ ಹಠಾತ್ ಶಿಶುಮರಣಕ್ಕೂ ನಂಟಿದೆ. ಹಸಿದ ಮಗು ಮೊದಲು ಕೈಯನ್ನು ಬಾಯಿಗೆ ಒಯ್ಯುತ್ತದೆ, ಆ ಕೈಯನ್ನು ದಿನವಿಡೀ ಮುಚ್ಚಿಟ್ಟರೆ ಅದು ಹೇಳುವುದು ಹೇಗೆ?

ಆ ಮಾತು ಬಟ್ಟೆಗೇ ನಿಂತಿಲ್ಲ. ಮಗು ಇರೋದು ಆ ಕಡೆ. ಕೋಣೆ ಅಲಂಕಾರ, ಫೋಟೋಗೆ ಒಪ್ಪುವ ಬಣ್ಣ, ಬರುವವರು ಏನಂದಾರು ಎನ್ನುವ ಚಿಂತೆ, ಎಲ್ಲವೂ ನೋಡುವವರ ಕಡೆಯದು. ತಂಗಿಗೆ ಏನು ಬೇಕು ಅಂತ ಆ ಅಂಗಡಿಯಲ್ಲಿ ಒಬ್ಬರೂ ಕೇಳಲಿಲ್ಲ. ರಾತ್ರಿಯಿಡೀ ಎದ್ದು ಹಾಲೂಡಿಸಬೇಕಾದ ಅವಳಿಗೆ ಮುಂದೆ ತೆರೆಯುವ ಎರಡು ಸಡಿಲ ನೈಟಿಗಳನ್ನು ನಾನೇ ಹಟ ಹಿಡಿದು ತೆಗೆಸಿಕೊಟ್ಟೆ.

ನಿನ್ನೆ ಕಸಿನ್ ತನ್ನ ಮಗನ ಹಳೆ ಬಟ್ಟೆಗಳ ಡಬ್ಬ ಕಳಿಸಿದ್ದಾಳೆ. "ಯಾರೋ ಹಾಕಿ ಬಿಟ್ಟಿದ್ದನ್ನ ನಮ್ಮ ಮಗೂಗಾ?" ಅಂತ ತಂಗಿಯ ಗಂಡ ಗೊಣಗಿದ. ಹತ್ತಾರು ಸಲ ಒಗೆದ ಹತ್ತಿಯಷ್ಟು ಮೆತ್ತನೆಯದು ಹೊಸದರಲ್ಲಿ ಎಲ್ಲಿದೆ? ಹೊಸದರ ಗಂಜಿ, ಉಳಿಕೆ ಬಣ್ಣ ಇದರಲ್ಲಿ ಎಂದೋ ಹೋಗಿರುತ್ತದೆ. ಸಡಿಲಾದ ಗುಂಡಿಗಳನ್ನಷ್ಟೇ ನಾನು ಕತ್ತರಿಸಿ ತೆಗೆದೆ. ತಂದ ಹೊಸವನ್ನು ಒಗೆಯದೆ ತೊಡಿಸುವ ಹಾಗಿಲ್ಲ, ಆದರೆ ಎಲ್ಲವನ್ನೂ ಈಗಲೇ ಒಗೆಯುವುದೂ ಬೇಡ ಅಂದಿದ್ದೇನೆ. ಅರ್ಧದಷ್ಟನ್ನು ಟ್ಯಾಗ್ ಕೀಳದೆ ಬಿಲ್ ಜೊತೆ ಎತ್ತಿಟ್ಟಿದ್ದೇವೆ. ಉಡುಗೊರೆ ಏನು ತರಲಿ ಅಂತ ಕೇಳಿದವರಿಗೆಲ್ಲ ಆರು ತಿಂಗಳ ಮೇಲಿನ ಅಳತೆ ಹೇಳುತ್ತಿದ್ದೇನೆ.