ಬರೀ ಬರ್ಕೋತ ಕೂತ್ರೆ ಪಾಠ ಯಾವಾಗ ಮಾಡ್ತೀರಿ ಟೀಚರ್?

ಪಾಲಕರ ಸಭೆಯಲ್ಲಿ ಕೇಳ್ತಾರೆ, ಊರಿಗೆ ಹೋದ್ರೆ ಅತ್ತಿಗೆ ಕೇಳ್ತಾರೆ, ಮುಂಬೈನ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ದಿನಾ ಜೊತೆಗೆ ಬರೋ ಅಕ್ಕ ಕೂಡ ಕೇಳಿದ್ರು. "ಈಗಿನ ಸಾಲ್ಯಾಗ ಬರೇ ಟೆಸ್ಟು, ಬರೇ ಮಾರ್ಕ್ಸ್ ತುಂಬೋದಂತಲ್ರೀ, ನೀವು ಹಿಂಗ ಬರ್ಕೋತ ಕುಂತ್ರ ಹುಡುಗರಿಗೆ ಕಲ್ಸೋದು ಯಾವಾಗ?" ಹತ್ತು ವರ್ಷದಿಂದ ಎಲ್ಲರಿಗೂ ಬಾಯಲ್ಲೇ ಹೇಳ್ತಾ ಬಂದಿದ್ದೀನಿ, ಈ ಸಲ ಕೂತು ಪೂರ್ತಿ ಬರೀತೀನಿ.

ನಾನಿರೋದು ಮುಂಬೈನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ, 4ನೇ ತರಗತಿ, 26 ಮಕ್ಕಳು. ಮುಂಬೈನಲ್ಲಿ ಕನ್ನಡ ಶಾಲೆನಾ ಅಂತ ಊರಿನವರು ಇವತ್ತಿಗೂ ಆಶ್ಚರ್ಯ ಪಡ್ತಾರೆ, ಇಲ್ಲಿನ ಮಹಾನಗರ ಪಾಲಿಕೆ ಎಂಟು ಮಾಧ್ಯಮದಲ್ಲಿ ಶಾಲೆ ನಡೆಸ್ತದೆ, ಅದರಲ್ಲಿ ಕನ್ನಡಾನೂ ಒಂದು, ಖಾಸಗಿ ಕನ್ನಡ ಶಾಲೆಗಳೂ ಇವೆ, ನಮ್ಮ ಪುಸ್ತಕ ಪುಣೆಯ ಬಾಲಭಾರತಿ ಅನ್ನೋ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಿಂದ ಕನ್ನಡದಲ್ಲೇ ಅಚ್ಚಾಗಿ ಬರ್ತದೆ. ನನ್ನ ಮಕ್ಕಳ ತಂದೆ ತಾಯಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು, ಕಟ್ಟಡದ ಕೆಲಸ, ಮನೆಗೆಲಸ, ತರಕಾರಿ ಗಾಡಿ. ಮನೇಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಅಂಗಡಿ ಬೋರ್ಡಿನಲ್ಲಿ ಮರಾಠಿ. ಇದನ್ನ ಯಾಕೆ ಹೇಳ್ದೆ ಅಂದ್ರೆ ಮಾರ್ಕ್ಸ್ ಪಟ್ಟಿ ನೋಡೋವಾಗ ಇದೆಲ್ಲ ಲೆಕ್ಕಕ್ಕೆ ಬರ್ತದೆ.

ಮೊದಲು ಒಂದು ಮಾತು ಒಪ್ಕೊಳ್ತೀನಿ. ಕೇಳೋವ್ರ ಅನುಮಾನ ಸುಳ್ಳಲ್ಲ. ನಾವು ಬರೆಯೋದ್ರಲ್ಲಿ ಎರಡು ಥರ ಇದೆ. ಒಂದು ಮೇಲಕ್ಕೆ ಹೋಗೋದು. 2023-24ರಿಂದ ಇಲ್ಲಿ ಮಹಾರಾಷ್ಟ್ರದಲ್ಲಿ (ಮೊದಲ ವರ್ಷ 3ನೇ ತರಗತಿಯಿಂದ 8ರವರೆಗೆ) ಪ್ರಥಮ ಭಾಷೆ, ಗಣಿತ, ಇಂಗ್ಲಿಷ್ ಈ ಮೂರು ವಿಷಯಕ್ಕೆ ಪಾಯಾಭೂತ ಚಾಚಣಿ ಅಂತ ಮಾಡ್ತಾರೆ, ಅಂದ್ರೆ ಮಗು ಎಲ್ಲಿ ನಿಂತಿದೆ ಅಂತ ಶುರುವಿಗೇ ನೋಡೋದು, ಆಮೇಲೆ ಸಂಕಲಿತ ಮೌಲ್ಯಮಾಪನ, ಅಂದ್ರೆ ಕಲಿಸಿ ಮುಗಿದ ಮೇಲಿನ ಪರೀಕ್ಷೆ, ಅದರ ಅಂಕ ಮೊಬೈಲಿನ ಚಾಟ್‌ಬಾಟ್‌ನಲ್ಲಿ ತುಂಬಿದ್ರೆ ಶಾಲೆಗಳ ಅಂಕ ಒಟ್ಟು ಹಾಕಿ ನೋಡೋ ಪುಣೆಯ ವಿದ್ಯಾ ಸಮೀಕ್ಷಾ ಕೇಂದ್ರಕ್ಕೆ ಹೋಗ್ತದೆ. ಅದಕ್ಕೆ ಟೈಮ್ ಹೋಗೋದು ಖರೆ. ಇನ್ನೊಂದು ಬರವಣಿಗೆ ನನ್ನ ಚೌಕಳಿ ನೋಟ್‌ಬುಕ್ಕಿನಲ್ಲಿರೋದು, ಅದು ಎಲ್ಲಿಗೂ ಹೋಗಲ್ಲ, ನಾಳೆ ಬೆಳಿಗ್ಗೆಯ ಪಾಠಕ್ಕೆ ಹೋಗ್ತದೆ. ನಾನು ಹೇಳ್ಬೇಕಾಗಿರೋದು ಈ ಎರಡನೇದರ ಬಗ್ಗೆ.

ಎಡಗಡೆ ಉದ್ದಕ್ಕೆ 26 ಹೆಸರು. ಮೇಲೆ ಅಡ್ಡಕ್ಕೆ ಪಾಠದ ಹೆಸರು ಬರೆಯೋದಿಲ್ಲ, ಮಗುವಿಗೆ ಏನು ಬರಬೇಕು ಅನ್ನೋದನ್ನ ಬರೀತೀನಿ. ಕರ್ನಾಟಕದಲ್ಲಿ ಇದಕ್ಕೆ ಕಲಿಕಾ ಫಲ ಅಂತಾರೆ, ನಾವು ಇಲ್ಲಿ ಮರಾಠಿಯಿಂದ ಬಂದ ಅಧ್ಯಯನ ನಿಷ್ಪತ್ತಿ ಅನ್ನೋ ಮಾತನ್ನೇ ಬಳಸ್ತೀವಿ, ಸ್ವಲ್ಪ ಭಾರವಾದ ಮಾತು, ಆದ್ರೆ ವಿಷಯ ಸರಳ. "ಕಳೆಯೋ ಲೆಕ್ಕದ ಪಾಠ ಮುಗಿಸೋದು" ಅಂತ ಬರೆದ್ರೆ ಅದು ನನ್ನ ಕೆಲಸದ ಪಟ್ಟಿ ಆಯ್ತು, ಗುರಿ ಆಗ್ಲಿಲ್ಲ. "ಬಿಡಿಸ್ಥಾನದಲ್ಲಿ ಸಾಲದಿದ್ರೆ ಒಂದು ಹತ್ತು ಬಿಡಿಸಿ ಕಳೀತಾನೆ/ಕಳೀತಾಳೆ" ಅಂತ ಬರೆದ್ರೆ ಅದು ಗುರಿ, ಯಾಕಂದ್ರೆ ಶುಕ್ರವಾರ ನಾನು ಮಗುವಿನ ಪಕ್ಕ ಕೂತು ಬಂತೋ ಇಲ್ಲೋ ನೋಡಬಹುದು. ತಾನಾಗೇ ಮಾಡಿದ್ರೆ ಪೂರ್ತಿ ಗೀಟು, ಸ್ವಲ್ಪ ಹೇಳಿಕೊಟ್ರೆ ಅರ್ಧ ಗೀಟು, ಬರದಿದ್ರೆ ಖಾಲಿ. ಪೆನ್ಸಿಲ್ಲಿನಲ್ಲೇ ಹಾಕೋದು, ಖಾಲಿ ಅನ್ನೋದು ಯಾವತ್ತೂ ಖಾಲಿಯಾಗೇ ಇರಬಾರದಲ್ಲ.

ಒಂದು ಉದಾಹರಣೆ ಹೇಳ್ತೀನಿ, ಇದರಲ್ಲೇ ಎಲ್ಲಾ ಇದೆ. ಹೋದ ವರ್ಷ ಇದೇ ಕಳೆಯೋ ಲೆಕ್ಕ ಎರಡು ದಿನ ಹೇಳಿಕೊಟ್ಟು ಮೂರನೇ ದಿನ ಐದು ಲೆಕ್ಕದ ಸಣ್ಣ ಚೀಟಿ ಕೊಟ್ಟೆ. ಒಟ್ಟು ಅಂಕ ನೋಡಿದ್ರೆ ಪರವಾಗಿಲ್ಲ ಅನ್ನೋ ಹಾಗಿತ್ತು, ಹೆಚ್ಚಿನವರಿಗೆ ಐದಕ್ಕೆ ಮೂರು ಬಂದಿತ್ತು, ಅಷ್ಟಕ್ಕೇ ಬಿಟ್ಟಿದ್ರೆ ಮುಂದಿನ ಪಾಠಕ್ಕೆ ಹೋಗ್ತಿದ್ದೆ. ಆದ್ರೆ ಒಂದೊಂದೇ ಲೆಕ್ಕ ಹಿಡಿದು ಪಟ್ಟಿ ಮಾಡಿದಾಗ 52ರಲ್ಲಿ 38 ಕಳೆಯೋ ಲೆಕ್ಕ 11 ಮಕ್ಕಳಿಗೆ ಮಾತ್ರ ಸರಿ ಬಂದಿತ್ತು. ಉಳಿದ 15ರಲ್ಲಿ ಒಂಬತ್ತು ಜನ 26 ಅಂತ ಬರೆದಿದ್ರು, ನಾಲ್ಕು ಜನ 24 ಅಂತ, ಇಬ್ಬರು ಏನೂ ಬರೆದಿರಲಿಲ್ಲ. ಮೂರೂ ಗುಂಪಿಗೆ ಸೊನ್ನೆ ಅಂಕಾನೇ, ಆದ್ರೆ ಮೂರೂ ಬೇರೆ ಬೇರೆ ಕಥೆ. 26 ಬರೆದವರು ದೊಡ್ಡದರಲ್ಲಿ ಸಣ್ಣದು ಕಳೆದಿದ್ದಾರೆ, ಎಂಟರಲ್ಲಿ ಎರಡು ಕಳೆದ್ರೆ ಆರು, ಐದರಲ್ಲಿ ಮೂರು ಕಳೆದ್ರೆ ಎರಡು, ಅಂದ್ರೆ 52 ಅನ್ನೋದು ಐದು ಹತ್ತು ಮತ್ತೆ ಎರಡು ಅಂತ ಅವರ ಮನಸ್ಸಿಗೆ ಹೋಗೇ ಇಲ್ಲ, ಎರಡು ಬಿಡಿ ಅಂಕಿ ಅಕ್ಕಪಕ್ಕ ನಿಂತಿವೆ ಅಷ್ಟೇ. ಇವರಿಗೆ ಬೋರ್ಡಿನ ಮೇಲೆ ನೂರು ಸಲ ಮಾಡಿ ತೋರಿಸಿದ್ರೂ ಉಪಯೋಗ ಇಲ್ಲ, ಹತ್ತತ್ತು ಕಡ್ಡಿಯ ಕಟ್ಟು ಕೈಗೆ ಕೊಟ್ಟು ರಬ್ಬರ್ ಬಿಚ್ಚಿಸ್ಬೇಕು. 24 ಬರೆದವರು ಹನ್ನೆರಡರಲ್ಲಿ ಎಂಟು ಸರಿಯಾಗೇ ಕಳೆದಿದ್ದಾರೆ, ಒಂದು ಹತ್ತು ತಗೊಂಡ ಮೇಲೆ ಐದು ನಾಲ್ಕಾಯ್ತು ಅನ್ನೋದನ್ನ ಮರೆತಿದ್ದಾರೆ, ಅವರಿಗೆ ಐದು ನಿಮಿಷ ಸಾಕು. ಏನೂ ಬರೆಯದ ಇಬ್ಬರಲ್ಲಿ ಒಬ್ಬ ಹುಡುಗ ಊರಿಂದ ಬಂದು ಅವತ್ತೇ ಮೊದಲ ದಿನ ಕ್ಲಾಸಿಗೆ ಕೂತಿದ್ದ. ಇನ್ನೊಬ್ಬಳ ಪೆನ್ಸಿಲ್ ಮುರಿದಿತ್ತು, ಕೇಳೋಕೆ ಹೆದರಿ ಸುಮ್ನೆ ಕೂತಿದ್ದಾಳೆ, ಹತ್ತಿರ ಕರೆದು ಕೇಳಿದ್ರೆ ಬಾಯಲ್ಲೇ ಹದಿನಾಲ್ಕು ಅಂದ್ಲು.

ಈಗ ಹೇಳಿ, ಇದನ್ನ ಬರ್ಕೊಳ್ಳೋಕೆ ನನಗೆ ಇಪ್ಪತ್ತು ನಿಮಿಷ ಹೋಯ್ತು, ಬರ್ಕೊಳ್ಳದೇ ಇದ್ದಿದ್ರೆ ನಾಲ್ಕು ದಿನ 26 ಮಕ್ಕಳಿಗೂ ಅದೇ ಪಾಠ ಮತ್ತೆ ಮಾಡ್ತಿದ್ದೆ, ಬಂದವರಿಗೆ ಬೇಜಾರು, ಬರದವರಿಗೆ ಆಗ್ಲೂ ಬರ್ತಿರಲಿಲ್ಲ.

ನೋಟ್‌ಬುಕ್ಕನ್ನ ಎರಡು ಥರ ಓದ್ಬೇಕು. ಅಡ್ಡಕ್ಕೆ ಓದಿದ್ರೆ ಒಂದು ಮಗುವಿನ ವಿಷಯ ಗೊತ್ತಾಗ್ತದೆ. ಮೇಲಿಂದ ಕೆಳಗೆ ಓದಿದ್ರೆ ನನ್ನ ವಿಷಯ ಗೊತ್ತಾಗ್ತದೆ. ಒಂದು ಕಂಬದಲ್ಲಿ, ಅಂದ್ರೆ ಕಾಲಮ್ಮಿನಲ್ಲಿ, ಇಪ್ಪತ್ತು ಮನೆ ಖಾಲಿ ಇದ್ರೆ ಮಕ್ಕಳೆಲ್ಲ ಒಟ್ಟಿಗೆ ದಡ್ಡರಾದ್ರು ಅಂತ ಅಲ್ಲ, ನಾನು ಹೇಳಿಕೊಟ್ಟಿದ್ದು ಮುಟ್ಟಿಲ್ಲ, ಇಲ್ಲಾಂದ್ರೆ ಪ್ರಶ್ನೆನೇ ಸರಿಯಿಲ್ಲ. ಹಿಂಗೆ ಒಂದು ಸಲ ಆಗಿತ್ತು, ಒಂದು ಪ್ರಶ್ನೆಪತ್ರಿಕೆಯಲ್ಲಿ "85 ಮತ್ತು 47ರ ವ್ಯತ್ಯಾಸ ಎಷ್ಟು" ಅಂತ ಇತ್ತು, ಇಡೀ ಕಂಬ ಖಾಲಿ. ಒಬ್ಬ ಹುಡುಗ ಪಾಪ ಅಕ್ಷರ ದುಂಡಗೆ ಬರೆದಿದ್ದ, "85 ದೊಡ್ಡದು 47 ಸಣ್ಣದು" ಅಂತ. ವ್ಯತ್ಯಾಸ ಅಂದ್ರೆ ಅವನಿಗೆ ಗೊತ್ತಿದ್ದ ಅರ್ಥದಲ್ಲಿ ಅದು ಸರಿ ಉತ್ತರ ಅಲ್ವಾ? ಮಾರನೇ ದಿನ "85ರಲ್ಲಿ 47 ತೆಗೆದ್ರೆ ಎಷ್ಟು ಉಳೀತು" ಅಂತ ಕೇಳಿದೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಮಾಡಿದ್ರು. ಗಣಿತದ ಮಾರ್ಕ್ಸ್ ಅಂತ ನಾವು ಬರೆಯೋದ್ರಲ್ಲಿ ಎಷ್ಟು ಪಾಲು ಓದೋದು ಬರದೇ ಹೋದದ್ದು ಅಂತ ಬಿಡಿಸಿ ನೋಡ್ಲೇಬೇಕು. ವಾಕ್ಯದ ಲೆಕ್ಕ ತಪ್ಪಿದ ಮಗುವಿಗೆ ನಾನೇ ಪ್ರಶ್ನೆ ಓದಿ ಹೇಳ್ತೀನಿ, ಡಜನ್ ಬಾಳೆಹಣ್ಣಿಗೆ 60 ರೂಪಾಯಿ ಆದ್ರೆ ನಾಲ್ಕಕ್ಕೆ ಎಷ್ಟು ಅಂತ, ಅಮ್ಮನ ಜೊತೆ ಗಾಡಿ ಹತ್ರ ನಿಲ್ಲೋ ಹುಡುಗಿ ನಾನು ಮುಗಿಸೋದ್ರೊಳಗೆ ಇಪ್ಪತ್ತು ಅಂತಾಳೆ. ಅವಳಿಗೆ ಬೇಕಾಗಿರೋದು ಲೆಕ್ಕದ ಟ್ಯೂಷನ್ ಅಲ್ಲ, ಒತ್ತಕ್ಷರ ಓದೋ ಅಭ್ಯಾಸ.

ಸಂಖ್ಯೆ ಹೇಳಿ ಬರೆಸೋವಾಗ ಇನ್ನೊಂದು ಕಾಣಿಸ್ತದೆ. ಕನ್ನಡದಲ್ಲಿ ಇಪ್ಪತ್ತಮೂರು ಅಂದ್ರೆ ಮೊದಲು ಇಪ್ಪತ್ತು, ಆಮೇಲೆ ಮೂರು, ಬರೆಯೋ ಕ್ರಮಾನೂ ಅದೇ. ಮರಾಠಿಯ ತೇವೀಸ್, ಹಿಂದಿಯ ತೇಯೀಸ್ ಎರಡರಲ್ಲೂ ಮೂರು ಮೊದಲು ಬರ್ತದೆ. ಗಲ್ಲಿಯಲ್ಲಿ ಹಿಂದಿಯಲ್ಲಿ ಎಣಿಸಿ ಬೆಳೆದ ಕೆಲವು ಮಕ್ಕಳು 23ಕ್ಕೆ 32 ಬರೀತಾರೆ. 2019ರಲ್ಲಿ ಬಾಲಭಾರತಿಯ 2ನೇ ತರಗತಿ ಗಣಿತ ಪುಸ್ತಕದಲ್ಲಿ ತೇವೀಸ್ ಬದಲು ವೀಸ್ ತೀನ್ (ಇಪ್ಪತ್ತು ಮೂರು) ಅಂತ ಬಿಡಿಸಿ ಓದೋ ಪದ್ಧತಿ ತಂದಾಗ ಮರಾಠಿಯಲ್ಲಿ ಎಷ್ಟು ಗಲಾಟೆ ಆಯ್ತು ನೆನಪಿರಬಹುದು, ನಮ್ಮ ಭಾಷೆಯಲ್ಲಿ ಅದು ಮೊದಲಿಂದ್ಲೂ ಹಾಗೇ ಇದೆ. ಅದಕ್ಕೇ ತಪ್ಪಿದ ಉತ್ತರಾನೂ ಹಾಗೇ ಬರೆದಿಟ್ಕೊಳ್ತೀನಿ. ಬರೀ ತಪ್ಪು ಅಂತ ಗುರುತು ಹಾಕಿದ್ರೆ ಆ 32 ಎಲ್ಲಿಂದ ಬಂತು ಅಂತ ಯಾವತ್ತೂ ಗೊತ್ತಾಗಲ್ಲ.

ಓದೋದಕ್ಕೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸ್ಕೊಳ್ಳದೇ ಬೇರೆ ದಾರಿ ಇಲ್ಲ. ಮುಂಬೈಯಲ್ಲೇ ಹುಟ್ಟಿದ ಪ್ರಥಮ್ ಸಂಸ್ಥೆಯವರು 2005ರಿಂದ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರ್ತದೆ ಅಂತ ನೋಡೋ ಅಸರ್ ಸಮೀಕ್ಷೆ ಮಾಡ್ತಾರಲ್ಲ, ಅಕ್ಷರ, ಶಬ್ದ, ಸಣ್ಣ ಪರಿಚ್ಛೇದ, ಕಥೆ, ಹಿಂಗೆ ಮೆಟ್ಟಿಲು, ನಾನೂ ಅದೇ ಥರ ತಿಂಗಳಿಗೊಂದು ಸಲ ಮಾಡ್ತೀನಿ, ದಿನಕ್ಕೆ ಮೂರ್ನಾಲ್ಕು ಮಕ್ಕಳು. 2021ರಲ್ಲಿ ಶುರುವಾದ ನಿಪುಣ್ ಭಾರತ್ ಅನ್ನೋ ಕೇಂದ್ರ ಸರ್ಕಾರದ ಯೋಜನೆಯಲ್ಲಿ 3ನೇ ತರಗತಿ ಮುಗಿಯೋವಾಗ ನಿಮಿಷಕ್ಕೆ ಕನಿಷ್ಠ 60 ಶಬ್ದ ಅರ್ಥ ತಿಳಿದು ಓದಬೇಕು ಅಂತ ಗುರಿ. ಗುರಿ ಇರ್ಲಿ, ಆದ್ರೆ ಕನ್ನಡದ ಶಬ್ದ ಅಂದ್ರೇನು ಅಂತ ಯೋಚನೆ ಮಾಡಿ, "ಮನೆಯೊಳಗಿಂದಲೇ" ಅನ್ನೋದು ನಮಗೆ ಒಂದು ಶಬ್ದ, ಹಿಂದಿಯಲ್ಲಿ ಘರ್ ಕೇ ಅಂದರ್ ಸೇ ಹೀ, ಐದು. 2022ರಲ್ಲಿ ಕೇಂದ್ರದ ಶಿಕ್ಷಣ ಸಂಶೋಧನಾ ಸಂಸ್ಥೆ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ಮಕ್ಕಳನ್ನ ಓದಿಸಿ ನೋಡಿ ಒಂದೊಂದು ಭಾಷೆಗೆ ಒಂದೊಂದು ಅಳತೆ ಇಟ್ಟಿದ್ದು ಸರಿಯಾದ ಕೆಲಸ. ನನ್ನ ಮೊಬೈಲಿನ ಸ್ಟಾಪ್‌ವಾಚ್ ಮಕ್ಕಳಿಗೆ ತೋರಿಸಲ್ಲ, ತೋರಿಸಿದ್ರೆ ಓಡ್ತಾರೆ, ಓಡಿದ್ರೆ ಅರ್ಥ ಹಿಂದೆ ಉಳೀತದೆ.

ಇಷ್ಟೆಲ್ಲ ಹೇಳೋ ನಾನು ಮೊದಲು ಹಿಂಗಿರಲಿಲ್ಲ. 2010ರಲ್ಲಿ ಮಹಾರಾಷ್ಟ್ರದಲ್ಲಿ ಸಾತತ್ಯಪೂರ್ಣ ಸರ್ವಂಕಷ ಮೌಲ್ಯಮಾಪನ ಬಂತು, ಅಂದ್ರೆ ಮಗುವಿನ ಕಲಿಕೆಯನ್ನ ವರ್ಷವಿಡೀ ಎಲ್ಲಾ ಕಡೆಯಿಂದ ನೋಡೋ ಪದ್ಧತಿ, ಶಿಕ್ಷಣ ಹಕ್ಕು ಕಾಯ್ದೆ ಆದ್ಮೇಲೆ. 1 ಮತ್ತು 2ನೇ ತರಗತಿಗೆ ನೂರರಲ್ಲಿ 70 ಅಂಕ ಆಕಾರಿಕಕ್ಕೆ, 3-4ಕ್ಕೆ 60, ಅಂದ್ರೆ ದಿನನಿತ್ಯ ನೋಡೋದು, ಬಾಯಿ ಮಾತು, ಪ್ರಯೋಗ, ಚಟುವಟಿಕೆ, ಪ್ರಕಲ್ಪ, ಸ್ವಾಧ್ಯಾಯ ಇವೆಲ್ಲ ಸೇರಿ. ಎಷ್ಟು ಒಳ್ಳೆ ವಿಚಾರ. ಆದ್ರೆ ನಾನು ಹೊಸದಾಗಿ ಸೇರಿದ ಒಂದು ಶಾಲೆಯಲ್ಲಿ ಇದನ್ನೆಲ್ಲ ಬರೆದಿಡೋ ನೋಂದವಹಿಯನ್ನ (ದಾಖಲೆ ಪುಸ್ತಕ) ವರ್ಷದ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ತುಂಬ್ತಿದ್ರು, ನಾನೂ ತುಂಬಿದ್ದೀನಿ, "ಅಭ್ಯಾಸದಲ್ಲಿ ಆಸಕ್ತಿ ತೋರಿಸುತ್ತಾನೆ" ಅಂತ ಇಪ್ಪತ್ತು ಮಕ್ಕಳಿಗೆ ಒಂದೇ ಸಾಲು. ಆ ವರ್ಷ ಒಳ್ಳೆ ಶ್ರೇಣಿ ಪಡೆದು ಮುಂದಿನ ತರಗತಿಗೆ ಹೋದ ಒಬ್ಬ ಹುಡುಗಿಗೆ ಕಾಗುಣಿತಾನೇ ಬರ್ತಿರಲಿಲ್ಲ ಅಂತ ಮುಂದಿನ ವರ್ಷದ ಟೀಚರ್ ನನಗೆ ಹೇಳಿದ್ರು. ಬೈದು ಹೇಳ್ಲಿಲ್ಲ, ಮೆಲ್ಲಗೆ ಹೇಳಿದ್ರು, ಆದ್ರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಬರೆದ ಆ ಸಾಲು ಆ ಮಗುವಿನ ಒಂದು ವರ್ಷವನ್ನ ಮುಚ್ಚಿ ಹಾಕಿತ್ತು. ಚೌಕಳಿ ನೋಟ್‌ಬುಕ್ ಶುರುವಾಗಿದ್ದು ಅದರ ಮುಂದಿನ ಜೂನ್‌ನಲ್ಲಿ.

ಆಕಾರಿಕ ಅಂದ್ರೇನೇ ಆಕಾರ ಕೊಡೋವಾಗ ನೋಡೋದು. ಧಾರಾವಿಯ ಕುಂಭಾರವಾಡಾಕ್ಕೆ ಮಕ್ಕಳನ್ನ ಕರ್ಕೊಂಡು ಹೋದಾಗ ಕುಂಬಾರರು ಚಕ್ರದ ಮೇಲಿನ ಹಸಿ ಮಣ್ಣನ್ನ ಬೆರಳಲ್ಲಿ ಮುಟ್ಟಿ ಮುಟ್ಟಿ ಸರಿ ಮಾಡ್ತಿದ್ರು, ಭಟ್ಟಿಯಿಂದ ತೆಗೆದ ಮೇಲೆ ಬಡಿದು ನೋಡಿದ್ರೆ ಸೀಳಿದೆಯೋ ಇಲ್ವೋ ಗೊತ್ತಾಗ್ತದೆ ಅಷ್ಟೇ. ಎರಡೂ ಬೇಕು, ಆದ್ರೆ ಬೆರಳು ಇರಬೇಕಾಗಿರೋದು ಚಕ್ರದ ಹತ್ರ.

ಮೇಲಿನವರಿಗೂ ಒಂದು ಮಾತು. ಅಂಕ ಕಡಿಮೆ ಬಂದ್ರೆ ಟೀಚರನ್ನ ನಿಲ್ಲಿಸಿ ಕೇಳ್ತೀವಿ ಅಂದ ದಿನದಿಂದ ಅಂಕ ಸುಳ್ಳು ಹೇಳೋಕೆ ಶುರು ಮಾಡ್ತದೆ, ಉತ್ತರ ಬೋರ್ಡಿನ ಮೇಲೆ ಬರ್ತದೆ, ಬರದ ಮಗುವನ್ನ ಪರೀಕ್ಷೆ ದಿನ ಮನೇಲಿರು ಅಂತಾರೆ. ಖಾಲಿ ಮನೆ ತೋರಿಸಿದ ಟೀಚರಿಗೆ "ಇದಕ್ಕೆ ಏನು ಸಹಾಯ ಬೇಕು" ಅಂತ ಕೇಳೋ ಕೇಂದ್ರ ಪ್ರಮುಖರು (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಅಧಿಕಾರಿ) ಸಿಕ್ಕಿದ ವರ್ಷ ನನ್ನ ನೋಟ್‌ಬುಕ್ ಅತೀ ಪ್ರಾಮಾಣಿಕವಾಗಿತ್ತು.

ಪಾಲಕರ ಸಭೆಯಲ್ಲಿ ಈಗ ನಾನು ಶ್ರೇಣಿ ಕೊನೆಗೆ ಹೇಳ್ತೀನಿ. ಹೋದ ತಿಂಗಳು ಸೆಂಟ್ರಿಂಗ್ ಕೆಲಸ ಮಾಡೋ ಒಬ್ಬರು ಬಂದಿದ್ರು, ಅರ್ಧ ದಿನದ ಪಗಾರ ಬಿಟ್ಟು. ಅವರದೂ ಇದೇ ಪ್ರಶ್ನೆ, ಬರ್ಕೋತ ಕುಂತ್ರ ಹೆಂಗ್ರೀ ಟೀಚರ್ ಅಂತ. ಮಗನ ಸಾಲು ತೋರಿಸಿದೆ, ಇದು ಬರ್ತದ, ಇದು ಬರ್ತದ, ಇದೊಂದು ಅರ್ಧ, ಇಲ್ಲಿ ನೋಡ್ರಿ ಖಾಲಿ, ಇದು ಯಾಕಂದ್ರ ನೀವು ಊರಿಗೆ ಹೋಗಿದ್ರಿ ಆಗ. ಅವರಿಗೆ ಓದೋಕೆ ಬರಲ್ಲ, ಆದ್ರೆ ಬೆರಳಿಟ್ಟು ಗೀಟು ಎಣಿಸಿದ್ರು. "ಅಂದ್ರ ಈ ಒಂದ ಮನಿ ತುಂಬಿಸಿದ್ರ ಆತಲ್ರೀ?" ಅಂದ್ರು. ಹೌದ್ರೀ ಅಂದೆ. ಮಂದಿ ಕೂಡ ಲೆಕ್ಕ ಮಾತಾಡೋದು ಮಗನಿಗೆ ಕಲಿಸ್ತೀನಿ, ಸಂಜೀಕೆ ಕೂಲಿ ಲೆಕ್ಕ ಅವನ ಕೈಲೇ ಮಾಡಿಸ್ತೀನಿ ಅಂತ ಹೇಳಿ ಹೋದ್ರು, ಮಾಡಿಸ್ತಾನೂ ಇದ್ದಾರೆ, ಹುಡುಗ ಬಂದು ಹೇಳ್ತಾನೆ.

ಈ ವಾರ ಕಳೆಯೋ ಲೆಕ್ಕದ ಕಂಬದಲ್ಲಿ ಮೂರು ಮನೆ ಖಾಲಿ ಉಳಿದಿದೆ, ಸೊನ್ನೆ ಇರೋ ಲೆಕ್ಕ, 300ರಲ್ಲಿ 146 ಕಳೆಯೋದು. ಒಂದು ನೂರು ಬಿಡಿಸಿ ಹತ್ತು ಹತ್ತು ಮಾಡೋದು ಆ ಮೂವರಿಗೆ ಇನ್ನೂ ತಲೆಗೆ ಹತ್ತಿಲ್ಲ. ನೂರು ಕಡ್ಡಿಯ ಮೂರು ಕಟ್ಟು ಕಟ್ಟಿ ಬ್ಯಾಗಿಗೆ ಹಾಕಿಟ್ಟಿದ್ದೀನಿ, ನಾಳೆ ಪ್ರಾರ್ಥನೆ ಆದ ಕೂಡ್ಲೇ ಅವರನ್ನ ಕಿಟಕಿ ಹತ್ರದ ಬೆಂಚಿಗೆ ಕರೀಬೇಕು.