ಹೆಸರು ಆಮೇಲೆ, ಸದ್ದು ಮೊದಲು

ಕಾರವಾರ, 12 ಜುಲೈ 2025, ಶನಿವಾರ

ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಇಂಗ್ಲಿಷ್ ಓದಲು ಬರೆಯಲು ಕಲಿಸುವವರಿಗಾಗಿ ಈ ಮಾತುಗಳು. ಬೆಳಗಿನಿಂದ ಒಂದೇ ಸಮನೆ ಮಳೆ. ತಗಡಿನ ಮಾಡಿನ ಕೆಳಗೆ ಇಂಥ ದಿನ ಸದ್ದಿನ ಪಾಠ ಮಾಡಬಾರದು. 'ಪ್' ಯಾವುದು 'ಬ್' ಯಾವುದು ಎಂದು ಹಿಡಿಯಲು ಮೊದಲೇ ಒದ್ದಾಡುವ ಮಗುವಿಗೆ ಈ ಅಬ್ಬರದಲ್ಲಿ ಎರಡೂ ಒಂದೇ. ಅದು ತಪ್ಪು ಬರೆದರೆ ಕೇಳಿಸದೆ ಬರೆದದ್ದೋ, ಗೊತ್ತಾಗದೆ ಬರೆದದ್ದೋ ತಿಳಿಯುವುದಿಲ್ಲ. ಹಾಗಾಗಿ ಕರಾವಳಿಯ ಮಳೆಗಾಲಕ್ಕೆ ಪಾಠದ ಕ್ರಮವನ್ನೇ ಬದಲಿಸಿಕೊಳ್ಳಬೇಕು: ಮಳೆ ಹೊಳವಾದಾಗ ಕಿವಿಯ ಕೆಲಸ, ಹೊಯ್ಯುವಾಗ ಕೈಯ ಕೆಲಸ. ವೇಳಾಪಟ್ಟಿ ಕೈಬಿಟ್ಟು ಹೋಗುತ್ತದೆಂದು ಹೆದರಬೇಕಿಲ್ಲ.

ಮೊದಲ ಪ್ರಶ್ನೆ, ಈ ಮಗುವಿಗೆ ನಿಜವಾಗಿ ಕಲಿಕಾ ನ್ಯೂನತೆ ಇದೆಯೇ? ಕಾರವಾರದಲ್ಲಿ ಮನೆಮಾತು ಕೊಂಕಣಿ, ಶಾಲೆಯದು ಕನ್ನಡ, ಅದರ ಮೇಲೆ ಇಂಗ್ಲಿಷ್. ಮೂರನೆಯ ಭಾಷೆಯಲ್ಲಿ ಹಿಂದೆ ಬಿದ್ದ ಮಾತ್ರಕ್ಕೆ ಯಾವ ಮಗುವಿಗೂ ಡಿಸ್ಲೆಕ್ಸಿಯಾ ಎಂಬ ಚೀಟಿ ಅಂಟಿಸಬಾರದು. ಕನ್ನಡವನ್ನು ಸರಾಗ ಓದಿ ಇಂಗ್ಲಿಷಿನಲ್ಲಿ ಮಾತ್ರ ತಡವರಿಸುವ ಮಗುವಿಗೆ ಹೆಚ್ಚಿನ ಸಲ ಪಾಠ ಸಾಲದಾಗಿರುತ್ತದೆ, ಅಷ್ಟೆ. ಮಾತಿನಲ್ಲಿ ಚುರುಕಾಗಿದ್ದೂ ಮೂರನೇ ತರಗತಿ ದಾಟಿದ ಮೇಲೂ ಕನ್ನಡದಲ್ಲಿ ಒತ್ತಕ್ಷರ ಬಿಡುವುದು, ದೀರ್ಘ ಹ್ರಸ್ವ ಕಲಸುವುದು, ಒಂದೊಂದೇ ಅಕ್ಷರ ಹೆಕ್ಕಿ ಓದುವುದು, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆಯುವುದು ಇದ್ದರೆ ಆಗ ತಪಾಸಣೆ ಬೇಕು. ಅದಕ್ಕೂ ಮುಂಚೆ ಕಣ್ಣು, ಕಿವಿ ಪರೀಕ್ಷೆ ಆಗಿರಲೇಬೇಕು. ಅಕ್ಷರ ತಿರುವಿ ಬರೆಯುವುದೊಂದನ್ನೇ ಹಿಡಿದು ತೀರ್ಮಾನಿಸುವುದೂ ಸರಿಯಲ್ಲ. ಏಳು ವರ್ಷದವರೆಗೆ ಬಹಳ ಮಕ್ಕಳು ಹಾಗೆ ಬರೆಯುತ್ತಾರೆ. ಡಿಸ್ಲೆಕ್ಸಿಯಾ ಎಂದರೆ ಅಕ್ಷರ ಉಲ್ಟಾ ಕಾಣುವ ಕಣ್ಣಿನ ದೋಷವಲ್ಲ. ಆಡಿದ ಶಬ್ದವನ್ನು ಬಿಡಿ ಸದ್ದುಗಳಾಗಿ ಒಡೆದು, ಒಂದೊಂದಕ್ಕೂ ಅಕ್ಷರ ಜೋಡಿಸುವಲ್ಲಿ ಮುಖ್ಯ ತೊಡಕು ಇರುತ್ತದೆ. ಬಣ್ಣದ ಕನ್ನಡಕ, ಬಣ್ಣದ ಪ್ಲಾಸ್ಟಿಕ್ ಹಾಳೆಗಳಿಂದ ಓದು ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಪಾಲಕರ ಹಣ ಅಲ್ಲಿ ಪೋಲಾಗಬಾರದು.

ಇನ್ನು ಮುಖ್ಯ ವಿಷಯ. ಇಂಗ್ಲಿಷಿನ ಸ್ವರಾಕ್ಷರಗಳ ಹೆಸರು ಕನ್ನಡ ಓದುವ ಮಗುವನ್ನು ನೇರವಾಗಿ ದಾರಿ ತಪ್ಪಿಸುತ್ತದೆ. ಮೊದಲ ಅಕ್ಷರದ ಹೆಸರು 'ಎ', ಸಣ್ಣ ಪದಗಳಲ್ಲಿ ಅದು ಹೊರಡಿಸುವ ಸದ್ದು 'ಆ್ಯ'. ಐದನೆಯದರ ಹೆಸರು 'ಇ', ಸದ್ದು 'ಎ'. ಒಂಬತ್ತನೆಯದರ ಹೆಸರು 'ಐ', ಸದ್ದು 'ಇ'. ಒಂದರ ಸದ್ದು ಇನ್ನೊಂದರ ಹೆಸರು. 'ಪೆನ್' ಬರೆ ಎಂದರೆ ಮಗುವಿಗೆ 'ಎ' ಕೇಳಿಸುತ್ತದೆ, ಆ ಹೆಸರಿನ ಅಕ್ಷರವನ್ನೇ ಇಡುತ್ತದೆ: ಪಿ-ಎ-ಎನ್. 'ಪಿನ್' ಎಂದರೆ ಪಿ-ಇ-ಎನ್. ಎರಡಕ್ಕೂ ಕೆಂಪು ಗೆರೆ ಬೀಳುತ್ತದೆ. ಆದರೆ ಮಗು ಕಿವಿಗೊಟ್ಟು ಕೇಳಿದೆ, ಕೇಳಿದ್ದನ್ನು ಸರಿಯಾಗಿಯೇ ಒಡೆದಿದೆ. ನಾವು ಕೊಟ್ಟ ಹೆಸರೇ ಅಡ್ಡಬಂದಿದೆ. ಬೇರೆ ಮಕ್ಕಳು ಈ ಗೊಂದಲವನ್ನು ಆರು ತಿಂಗಳಲ್ಲಿ ತಾವಾಗಿಯೇ ದಾಟುತ್ತಾರೆ. ಈ ಮಕ್ಕಳು ಹತ್ತನೇ ತರಗತಿಯವರೆಗೂ ಅದರಲ್ಲೇ ಸಿಕ್ಕಿಕೊಂಡಿರುತ್ತಾರೆ. ಆದ್ದರಿಂದ ಮೊದಲ ಮೂರು ತಿಂಗಳು ಎಬಿಸಿಡಿ ಹಾಡು ಬೇಡ, ಹೆಸರು ಬೇಡ. ಅಕ್ಷರ ತೋರಿಸಿದಾಗ ಸದ್ದು ಮಾತ್ರ ಹೇಳಬೇಕು. ಪಾಲಕರಿಗೂ ಇದನ್ನು ಕರೆದು ಹೇಳಬೇಕು, ಇಲ್ಲವಾದರೆ ರಾತ್ರಿ ಮನೆಯಲ್ಲಿ ಮತ್ತೆ ಹೆಸರಿನ ಬಾಯಿಪಾಠ ಶುರುವಾಗುತ್ತದೆ.

ಗೋಡೆಯ ಚಾರ್ಟುಗಳನ್ನೂ ಒಮ್ಮೆ ನೋಡಿ. ಒಂಬತ್ತನೇ ಅಕ್ಷರಕ್ಕೆ ಐಸ್‌ಕ್ರೀಮ್ ಚಿತ್ರ, 'ಯು' ಅಕ್ಷರಕ್ಕೆ ಯುನಿಫಾರ್ಮ್ ಇದ್ದರೆ ತೆಗೆದಿಡಿ. ಅವುಗಳ ಜಾಗಕ್ಕೆ ಇಂಕ್, ಅಂಬ್ರೆಲಾ ಬರಲಿ. ಮೊಟ್ಟೆಯ ಚಿತ್ರ ಇಟ್ಟರೆ ನಮ್ಮ ಬಾಯಲ್ಲಿ ಅದು 'ಯೆಗ್' ಆಗುತ್ತದೆ, ಮಗು 'ವೈ' ಅಕ್ಷರ ಹುಡುಕುತ್ತದೆ. ಪುಟ್ಟ ಕನ್ನಡಿ ಕೊಟ್ಟು, ಬಾಯಿ ತೆರೆದ ಮೇಲೆಯೇ ಸದ್ದು ಶುರುಮಾಡಿಸಿದರೆ ಆ 'ಯ' ಬಿಟ್ಟುಹೋಗುತ್ತದೆ.

ಯಾವ ಅಕ್ಷರದಿಂದ ಶುರು? ಇಂಗ್ಲಿಷ್ ನಾಡಿನ ಪುಸ್ತಕಗಳಲ್ಲಿ ಎಸ್, ಎ, ಟಿ, ಪಿ, ಐ, ಎನ್ ಎಂಬ ಕ್ರಮ ಪ್ರಸಿದ್ಧ. ಆರೇ ಅಕ್ಷರದಿಂದ ಹತ್ತಾರು ಪದ ಕಟ್ಟಬಹುದು ಎಂಬುದು ಕಾರಣ. ಆ ಆರು ಸರಿಯೇ, ಆದರೆ ಕನ್ನಡದ ಮಗುವಿಗೆ 'ಎ' ಅಕ್ಷರವನ್ನು ಕೊನೆಗಿಡುವುದು ಒಳ್ಳೆಯದು. 'ಆ್ಯ' ಸದ್ದಿಗೆ ನಮ್ಮಲ್ಲಿ ಸ್ವಂತ ಅಕ್ಷರವಿಲ್ಲ. 'ಯ' ಒತ್ತು ಕೊಟ್ಟು 'ಕ್ಯಾಟ್' ಎಂದು ಬರೆಯುತ್ತೇವೆ. ಮಗು ಆ ಒತ್ತನ್ನು ನಂಬಿ ಇಂಗ್ಲಿಷಿನಲ್ಲೂ ನಡುವೆ 'ವೈ' ಸೇರಿಸುತ್ತದೆ. 'ಇ' ಸದ್ದು ಮಾತ್ರ ನಾಲಿಗೆಗೂ ಕಿವಿಗೂ ಮೊದಲೇ ಗೊತ್ತು. ಹಾಗಾಗಿ ಪಿನ್, ಟಿನ್, ಟಿಪ್, ಸಿಟ್, ಸಿಪ್, ನಿಪ್ ಮೊದಲು. ಇವು ಕೂಡಿದ ಮೇಲೆ ಪ್ಯಾನ್, ಟ್ಯಾಪ್, ಸ್ಯಾಟ್. ಗೈಡುಗಳಲ್ಲಿ ಇಂಗ್ಲಿಷ್ ಪದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದಿರುತ್ತಾರಲ್ಲ, ಆ ಪುಟಗಳನ್ನು ಈ ಮಕ್ಕಳಿಗೆ ಕೊಡಬೇಡಿ. ಕಣ್ಣು ಕನ್ನಡದ ಸಾಲಿನಲ್ಲೇ ನಿಲ್ಲುತ್ತದೆ, ಕೆಳಗಿನದನ್ನು ಓದುವುದೇ ಇಲ್ಲ.

ಆದರೆ ಕನ್ನಡದ ಕಾಗುಣಿತವನ್ನು ಬಿಡಬಾರದು, ಅದು ದೊಡ್ಡ ಆಸರೆ. ಕನ್ನಡದ 'ಬ' ಎಂದರೆ 'ಬ್' ಮತ್ತು 'ಅ' ಎರಡೂ. ಆ ರೂಢಿಯಿಂದ ಮಗು 'ಬ-ಎ-ಡ' ಎಂದು ಕೂಡಿಸಲು ಹೋದರೆ 'ಬೆಡ್' ಯಾವತ್ತೂ ಬರುವುದಿಲ್ಲ, ಎರಡು 'ಅ' ಉಳಿದಿರುತ್ತವೆ. ವ್ಯಂಜನಗಳನ್ನು ಅರ್ಧಕ್ಕೇ ನಿಲ್ಲಿಸಿ ಹೇಳಿಸಬೇಕು: 'ಬ್', 'ಡ್'. ಆಮೇಲೆ ಕಾಗುಣಿತದಂತೆಯೇ 'ಬ್', 'ಎ' ಕೂಡಿ 'ಬೆ', ಅದಕ್ಕೆ 'ಡ್' ಸೇರಿ 'ಬೆಡ್'. ಹೊರಗಿನ ಪುಸ್ತಕಗಳಲ್ಲಿ 'ಬ್' ಬೇರೆ, 'ಎಡ್' ಬೇರೆ ಎಂದು ಒಡೆಯುವ ಪದ್ಧತಿ ಇದೆ. ನಮ್ಮ ಮಕ್ಕಳಿಗೆ ಅದಕ್ಕಿಂತ 'ಬೆ' ಮತ್ತು 'ಡ್' ಸುಲಭ, ಏಕೆಂದರೆ ಒಂದನೇ ತರಗತಿಯಿಂದ ಅವರ ಬಾಯಿ ಪಳಗಿರುವುದು ಹಾಗೆ.

ಸದ್ದು ಎಣಿಸಲು ಚೌಕಗಳು. ರಷ್ಯದ ಮನೋವಿಜ್ಞಾನಿ ಎಲ್ಕೋನಿನ್ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿ ಇದು. ಹಾಳೆಯ ಮೇಲೆ ಸಾಲಾಗಿ ಮೂರು ಚೌಕ, ಕೈಯಲ್ಲಿ ಹುಣಸೆ ಬೀಜ. ಪದವನ್ನು ನಿಧಾನ ಎಳೆದು ಹೇಳುತ್ತ ಒಂದು ಸದ್ದಿಗೆ ಒಂದು ಬೀಜ ಸರಿಸಬೇಕು. ಚೌಕ ಹಾಕುವಾಗ ಅಕ್ಷರ ಎಣಿಸಬೇಡಿ, ಸದ್ದು ಎಣಿಸಿ: 'ಫಿಶ್' ಪದಕ್ಕೆ ಅಕ್ಷರ ನಾಲ್ಕು, ಚೌಕ ಮೂರೇ. ಬೀಜ ಸರಿಯಾಗಿ ಸರಿದ ಮೇಲೆ ಅದೇ ಚೌಕದಲ್ಲಿ ಅಕ್ಷರ ಬರೆಯಿಸಬೇಕು. ಇಲ್ಲಿ ಆಗುವ ತಪ್ಪು ಒಂದೇ, ನಾವು 'ಬಸ್ಸು', 'ಪೆನ್ನು', 'ಜಗ್ಗು' ಎಂದು ಕೊನೆಗೊಂದು ಸ್ವರ ಸೇರಿಸಿ ಹೇಳುವುದು. ಆಗ ನಾಲ್ಕನೇ ಬೀಜ ಬರುತ್ತದೆ, ಬರವಣಿಗೆಯಲ್ಲಿ ಕೊನೆಗೆ 'ಯು' ಬರುತ್ತದೆ. ಚಪ್ಪಾಳೆಯಿಂದ ತೋರಿಸಿ: 'ಬಸ್ಸು' ಎರಡು ಚಪ್ಪಾಳೆ, 'ಬಸ್' ಒಂದೇ.

ಕೈಯ ಕೆಲಸಕ್ಕೆ ಮರಳಿನ ತಟ್ಟೆ. ಕಡಲ ಮರಳನ್ನು ಹಾಗೇ ತಂದರೆ ಉಪ್ಪಿನಿಂದಾಗಿ ಮಳೆಗಾಲವಿಡೀ ಪಸೆ ಆರುವುದಿಲ್ಲ, ಬೆರಳಿಗೆ ಮೆತ್ತುತ್ತದೆ. ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಬಾಣಲೆಯಲ್ಲಿ ಹುರಿದು, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಹುರಿದ ರವೆಯೂ ನಡೆಯುತ್ತದೆ. ತಟ್ಟೆಯಲ್ಲಿ ಅರ್ಧ ಸೆಂ.ಮೀ. ದಪ್ಪ ಸಾಕು, ಹೆಚ್ಚಾದರೆ ಗೆರೆಯ ಅಂಚು ಕುಸಿದು ಅಕ್ಷರ ಮುಚ್ಚಿಹೋಗುತ್ತದೆ. ಇನ್ನೊಂದು, ಬಡಗಿಗಳ ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರ. 150 ನಂಬರಿನದು ಸರಿ, 60, 80ರದು ಒರಟು, ಬೆರಳು ಉರಿಯುತ್ತದೆ. ಸಣ್ಣಕ್ಷರವೇ (ಸ್ಮಾಲ್ ಲೆಟರ್) ಇರಲಿ, 10 ಸೆಂ.ಮೀ. ಎತ್ತರ, ದಪ್ಪ ರಟ್ಟಿಗೆ ಫೆವಿಕಾಲ್, ಶುರುವಾಗುವ ಜಾಗದಲ್ಲಿ ಒಂದು ಚುಕ್ಕಿ. ರಟ್ಟಿಗೆ ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಎರಡು ಬೆರಳಿಂದ ತಿದ್ದುವಾಗಲೇ ಸದ್ದು ಬಾಯಲ್ಲಿರಬೇಕು. ತಿದ್ದಿ ಮುಗಿಸಿ ಆಮೇಲೆ ಹೇಳಿದರೆ ಕೈಗೂ ಕಿವಿಗೂ ಕೊಂಡಿ ಬೀಳುವುದಿಲ್ಲ. ಕಣ್ಣು, ಕಿವಿ, ಕೈ ಒಟ್ಟಿಗೆ ದುಡಿಯಬೇಕೆಂಬ ಈ ವಿಧಾನವನ್ನು ಅಮೆರಿಕದಲ್ಲಿ 1930ರ ದಶಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಅನ್ನಾ ಗಿಲ್ಲಿಂಗ್‌ಹ್ಯಾಮ್ ರೂಪಿಸಿದರು. ಇವತ್ತಿಗೂ ಬಹಳ ಕಡೆ ಬುನಾದಿ ಅದೇ.

'ಬಿ' ಮತ್ತು 'ಡಿ' ಅಕ್ಷರಗಳನ್ನು ಒಂದೇ ವಾರ ಕಲಿಸುವುದು ಬೇಡವೇ ಬೇಡ. ಎರಡನ್ನೂ ಪಕ್ಕಪಕ್ಕ ಬರೆದು ವ್ಯತ್ಯಾಸ ತೋರಿಸಹೋದರೆ ಗೊಂದಲ ಹುಟ್ಟುವುದು ಅಲ್ಲಿಯೇ. 'ಡಿ' ಮೊದಲು, 'ಸಿ', 'ಎ', 'ಒ' ಗುಂಪಿನ ಜತೆ, ಏಕೆಂದರೆ ಇವೆಲ್ಲ ಎಡಕ್ಕೆ ಬಾಗುವ ಸುತ್ತಿನಿಂದ ಶುರುವಾಗುತ್ತವೆ. ಅದು ನೋಡದೆ ಬರೆಯುವಷ್ಟು ಗಟ್ಟಿಯಾಗಿ ನಾಲ್ಕೈದು ವಾರ ಕಳೆದ ಮೇಲೆ 'ಬಿ', 'ಎಚ್' ಜತೆಗೆ, ಮೇಲಿಂದ ಕೆಳಗೆ ಎಳೆಯುವ ಗೆರೆಯಿಂದ. ಕೈ ಎಲ್ಲಿಂದ ಹೊರಟಿತು ಎಂಬುದೇ ಎರಡನ್ನೂ ಬೇರೆ ಮಾಡುತ್ತದೆ.

ಒಂದು ಪಾಠ 35 ನಿಮಿಷ. ಈಗಾಗಲೇ ಕಲಿತ ಅಕ್ಷರಗಳ ಕಾರ್ಡುಗಳಿಗೆ 5, ಚೌಕ ಬೀಜಕ್ಕೆ 5, ಹೊಸದಕ್ಕೆ 10, ಓದಿಗೆ 10, ಉಕ್ತಲೇಖನಕ್ಕೆ 5. ಹೊಸದೆಂದರೆ ಒಂದೇ ಸದ್ದು. ಓದಿಸುವ ವಾಕ್ಯದಲ್ಲಿ ಕಲಿಸದ ಅಕ್ಷರ ಇರಬಾರದು: 'ದ ನೆಟ್ ಈಸ್ ವೆಟ್', 'ಟೆನ್ ಫಿಶ್ ಇನ್ ದ ನೆಟ್'. ಮೀನುಗಾರರ ಊರಾದ ಬೈತಖೋಲದ ಮಗುವಿಗೆ ಬಲೆಯ ಚಿತ್ರ ಬಿಡಿಸಿ ತೋರಿಸುವ ಅಗತ್ಯವೇ ಇಲ್ಲ. ಚಿತ್ರ ಪಕ್ಕದಲ್ಲಿದ್ದರೆ ಈ ಮಕ್ಕಳು ಓದದೆ ಊಹಿಸುತ್ತಾರೆ, ಅದರಲ್ಲಿ ಅವರು ಬಹಳ ಜಾಣರು. ಓದಿದ ಮೇಲೆ ಚಿತ್ರ ತೋರಿಸಿ. ಅರ್ಥವನ್ನು ಕೊಂಕಣಿಯಲ್ಲಿ ಹೇಳಿದರೂ ಪೂರ್ತಿ ಸರಿ. 'ಸೆಡ್', 'ವಾಸ್', 'ದ' ಮುಂತಾದ ನಿಯಮಕ್ಕೆ ಸಿಗದ ಪದಗಳು ವಾರಕ್ಕೆ ಮೂರು ಮಾತ್ರ, ಅದರಲ್ಲೂ ತಕರಾರಿನ ಭಾಗಕ್ಕಷ್ಟೇ ಅಡಿಗೆರೆ. 'ಸೆಡ್' ಪದದಲ್ಲಿ ಮೊದಲ ಕೊನೆಯ ಅಕ್ಷರಗಳು ನಿಯಮದಂತೆಯೇ ಇವೆ, ನೆನಪಿಡಬೇಕಾದ್ದು ನಡುವಿನ ಎರಡನ್ನು.

ಹತ್ತು ಸಲ ಬರೆದು ತಾ ಎನ್ನುವುದನ್ನು ನಿಲ್ಲಿಸಬೇಕು. ಮೂರನೇ ಸಾಲಿನಿಂದ ಮಗು ಪದ ಬರೆಯುವುದಿಲ್ಲ, ಅಕ್ಷರಗಳನ್ನು ಉದ್ದುದ್ದ ಕಂಬಸಾಲಾಗಿ ತುಂಬುತ್ತದೆ. ತಪ್ಪಿದ್ದರೆ ತಪ್ಪೇ ಹತ್ತು ಸಲ ಗಟ್ಟಿಯಾಗುತ್ತದೆ. ಹಲಗೆಯಿಂದ ನಕಲು ಮಾಡಿಸುವುದೂ ಕಷ್ಟವೇ, ತಲೆ ಎತ್ತಿ ಇಳಿಸುವಷ್ಟರಲ್ಲಿ ಜಾಗ ತಪ್ಪುತ್ತದೆ. ಪಕ್ಕದಲ್ಲಿ ಚೀಟಿ ಇಡಿ, 14 ಪಾಯಿಂಟಿನ ಅಕ್ಷರ, ಸಾಲಿನ ನಡುವೆ ಒಂದೂವರೆ ಪಟ್ಟು ಅಂತರ. ಇಡೀ ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸುವುದಂತೂ ಕ್ರೌರ್ಯ. ಹಾಗೆ ಓದಿಸಿಕೊಂಡ ಮಗು ಮರುದಿನ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತದೆ.

ಶನಿವಾರಕ್ಕೆ ಹತ್ತು ಪದಗಳ ಉಕ್ತಲೇಖನ. ಅಂಕ ಹಾಕುವುದಲ್ಲ, ತಪ್ಪಿನ ಬಗೆ ಬರೆದಿಡುವುದು: ಸ್ವರದ ಹೆಸರಿನಿಂದ ಬಂದದ್ದೇ, ಕೊನೆಗೆ ಸ್ವರ ಸೇರಿದ್ದೇ, ನಡುವೆ 'ವೈ' ಬಂದದ್ದೇ, ಸದ್ದೇ ಬಿಟ್ಟುಹೋದದ್ದೇ. ಎಂಟು ಸರಿಯಿದ್ದರೆ ಮುಂದಿನ ಸದ್ದು. ಇಲ್ಲವಾದರೆ ಯಾವ ಬಗೆ ಹೆಚ್ಚೋ ಅದಕ್ಕೇ ಮುಂದಿನ ವಾರ. ಪಠ್ಯ ಹಿಂದುಳಿಯಿತೆಂದು ಇಲ್ಲಿ ಅವಸರ ಮಾಡಿದರೆ ಎರಡು ತಿಂಗಳ ನಂತರ ಮತ್ತೆ 'ಪಿನ್' ಪದಕ್ಕೇ ಮರಳಬೇಕಾಗುತ್ತದೆ.

ದೊಡ್ಡ ತರಗತಿಯ ಮಕ್ಕಳ ಕಾಗದಪತ್ರದ ಬಗ್ಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸಾಮಗ್ರಿ ಬಳಕೆಯಲ್ಲಿದೆ. ಲಿಖಿತ ಪರೀಕ್ಷೆಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತ್ತು, ಬರಹಗಾರರ ನೆರವಿಗೂ ಅವಕಾಶವಿತ್ತು. ಎಸ್ಸೆಸ್ಸೆಲ್ಸಿಗೆ ಪರೀಕ್ಷಾ ಮಂಡಳಿಯ ಆಯಾ ವರ್ಷದ ಸುತ್ತೋಲೆಯನ್ನೇ ಓದಿ, ಎಂಟನೇ ತರಗತಿಯಲ್ಲೇ ಪ್ರಮಾಣಪತ್ರದ ಕೆಲಸ ಶುರುಮಾಡಬೇಕು. ಫೆಬ್ರವರಿಯಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ ಅದು. ಬರಹಗಾರರು ಸಿಕ್ಕರೆ ಸಾಲದು, ಹೇಳಿ ಬರೆಯಿಸುವುದೂ ಒಂದು ಕಲಿಕೆ. ಉತ್ತರವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು, ಒಂದು ಸಲಕ್ಕೆ ಐದಾರು ಪದದಂತೆ ಹೇಳಿ, ಬರೆದದ್ದನ್ನು ಓದಿಸಿಕೊಂಡು ಮುಂದಕ್ಕೆ ಹೋಗುವುದನ್ನು ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಿಂದಲೇ ರೂಢಿ ಮಾಡಿಸಬೇಕು.