ಕುಡಿತಕ್ಕೂ ಮೊದಲು ಏನಾಗಿತ್ತು ಅಂತ ಕೇಳಿ

ಕುಡಿತ ಬಿಡಿಸುವ ಕಡೆ ಎಷ್ಟು ಕುಡಿಯುತ್ತೀರಿ, ಯಾವಾಗಿಂದ ಅಂತ ಕೇಳುತ್ತಾರೆ. ಅದಕ್ಕೂ ಮೊದಲು ಏನಾಗಿತ್ತು ಅಂತಲೂ ಕೇಳಬೇಕಲ್ವಾ? ಅಪಘಾತ, ಮನೆಯಲ್ಲಿ ತಿಂದ ಹೊಡೆತ, ಚಿಕ್ಕಂದಿನ ಲೈಂಗಿಕ ದೌರ್ಜನ್ಯ, ಇಂಥದ್ದನ್ನು ಮರೆತು ಒಂದು ರಾತ್ರಿ ನಿದ್ದೆ ಮಾಡಿದರೆ ಸಾಕು ಅಂತ ಕುಡಿಯುವವರಿದ್ದಾರೆ.

ಪಿಸಿ-ಪಿಟಿಎಸ್‌ಡಿ-5 ಅಂತ ಸಣ್ಣ ಪ್ರಶ್ನಾವಳಿ ಇದೆ, ಇಂಥ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ (ಪಿಟಿಎಸ್‌ಡಿ) ಇರಬಹುದಾ ಅಂತ ನೋಡೋದಕ್ಕೆ. ಅಂಥ ಘಟನೆ ನಡೆದಿದೆ ಅಂದರೆ ಕಳೆದ ತಿಂಗಳ ಬಗ್ಗೆ 5 ಪ್ರಶ್ನೆ, ಹೌದು ಅಥವಾ ಇಲ್ಲ: ಕೆಟ್ಟ ಕನಸು, ನೆನಪಿನಿಂದ ತಪ್ಪಿಸಿಕೊಳ್ಳುವುದು, ಬೆಚ್ಚಿಬೀಳುವುದು, ಮನಸ್ಸು ಮರಗಟ್ಟುವುದು, ತನ್ನದೇ ತಪ್ಪು ಅನ್ನಿಸುವುದು. ಜಾಸ್ತಿ ಅಂಕ ಬಂದರೆ ಕಾಯಿಲೆ ಇದೆ ಅಂತಲ್ಲ, ವಿವರವಾಗಿ ವಿಚಾರಿಸಬೇಕು ಅಂತ. ಕುಡಿತ ಬಿಟ್ಟ ಹೊಸದರಲ್ಲಿ ನಿದ್ದೆಗೆಡುವುದು, ಸಿಡುಕು ಹೇಗೂ ಇರುತ್ತದೆ, ಹಾಗಾಗಿ ಕೆಲವು ವಾರ ಬಿಟ್ಟು ಮತ್ತೆ ಕೇಳಬೇಕು.

ಮೊದಲು ಪೂರ್ತಿ ಬಿಡಲಿ, ಆಮೇಲೆ ಮನಸ್ಸಿನ ಗಾಯ ನೋಡೋಣ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬಹುದು. ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ.